ಅಬ್ಬೆ ದುಬ್ವಾ ಎಂಬ ದೊಡ್ಡ ಸ್ವಾಮಿಯವರು

ಕ್ರಿಸ್ತಜಯಂತಿಯು ಸಮೀಪಿಸಿತೆಂದರೆ ಪರೋಪಕಾರದ ಮಾತು ಎಲ್ಲರ ಬಾಯಲ್ಲಿಯೂ ಬರುವುದು ವಾಡಿಕೆ. ಈ ಸ್ಮರಣ ಸಂಚಿಕೆಗೆ ಆ ವಿಷಯವನ್ನೇ ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಚಿಕೆಯ ಮಂಡಲಿಯವರು ನಮ್ಮನ್ನು ಕೇಳಿದಾಗ, ಹಬ್ಬದ ಉಪದೇಶವೊಂದನ್ನು ಬರೆಯುವುದಕ್ಕಿಂತ ಒಬ್ಬ ಮನುಷ್ಯರ ಜೀವಿತವನ್ನು ಹೇಳುವುದೇ ಲೇಸೆಂದು ನಮಗೆ ತೋರಿತು. ಸಂತ ನಿಕೊಲಾಸರ ಕಥೆಯನ್ನು ನಮ್ಮ ಹುಡುಗಿಯರು ವರ್ಷವರ್ಷವೂ ಕೇಳಿದ್ದಾರೆ. ಚಿಕ್ಕ ತರಗತಿಯವರು ಅದನ್ನು ನಾಟಕವಾಗಿ ಆಡಿಯೂ ತೋರಿಸಿದ್ದಾರೆ. ಆದರೆ ನಮ್ಮ ಈ ಮೈಸೂರು ಸೀಮೆಯ ಹಳ್ಳಿಗಳಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಓಡಾಡಿ, ಇಲ್ಲಿಯ ಅನ್ನವನ್ನು ಉಂಡು, ಇಲ್ಲಿಯ ಬಟ್ಟೆಯನ್ನು ಉಟ್ಟು, ಸಣ್ಣ ಸಣ್ಣ ಉಪಕಾರಗಳನ್ನು ಸಾವಿರಗಟ್ಟಲೆ ಮಾಡಿ, ಕೊನೆಗೆ ತಾವು ಏನನ್ನೂ ಸಾಧಿಸಲಿಲ್ಲವೆಂಬ ವ್ಯಥೆಯಿಂದ ಹಡಗು ಹತ್ತಿದ ಪಾದ್ರಿಯೊಬ್ಬರ ಚರಿತ್ರೆಯು ನಮ್ಮವರಲ್ಲಿ ಬಹು ಮಂದಿಗೆ ತಿಳಿಯದು. ಅವರ ಗ್ರಂಥದ ಹೆಸರನ್ನು ಕಾಲೇಜಿನಲ್ಲಿ ಕೇಳಿದವರು ಇದ್ದಾರು. ಅವರು ಮಾಡಿದ ಸೇವೆಯನ್ನು ಕೇಳಿದವರು ಕಡಮೆ.

ಅವರ ಪೂರ್ಣ ನಾಮಧೇಯವು ಜಾನ್ ಆಂತ್ವಾನ್ ದುಬ್ವಾ. ನಮ್ಮ ದೇಶದ ಪುಸ್ತಕಗಳಲ್ಲಿ ದುಬಾಯ್ ಎಂದೂ ಬರೆದಿರುವುದುಂಟು. ಅಬ್ಬೆ ಎಂಬುದು ಹೆಸರಲ್ಲ; ಫ್ರಾನ್ಸ್ ದೇಶದಲ್ಲಿ ಪಾದ್ರಿಗಳಿಗೆ ಸಲ್ಲುವ ಗೌರವದ ಪದವು. ಅದರ ಮೂಲಾರ್ಥವು ತಂದೆ ಎಂದು. ನಮ್ಮ ಹಳಗನ್ನಡದಲ್ಲಾದರೋ ಅಬ್ಬೆ ಎಂದರೆ ತಾಯಿ. ಒಂದೇ ಉಚ್ಚಾರವು ಅಲ್ಲಿ ತಂದೆಯಾಗಿ ಇಲ್ಲಿ ತಾಯಿಯಾದದ್ದು ಕೇವಲ ಆಕಸ್ಮಿಕವಾದರೂ, ಇವರ ವಿಷಯದಲ್ಲಿ ನಮಗೆ ಕನ್ನಡದ ಅರ್ಥವೇ ಹೆಚ್ಚು ಒಪ್ಪುವಂತೆ ಕಾಣುತ್ತದೆ. ಜನರು ಅವರನ್ನು ಕರೆಯುತ್ತಿದ್ದುದು ದೊಡ್ಡ ಸ್ವಾಮಿಯವರು ಎಂದು.

ದುಬ್ವಾ ಅವರು 1766ರ ಸುಮಾರಿಗೆ ಫ್ರಾನ್ಸಿನ ದಕ್ಷಿಣ ಭಾಗದಲ್ಲಿರುವ ಆರ್ದೆಶ್ ಪ್ರಾಂತದ ಸ್ಯಾಂ ರೆಮೇಜ್ ಎಂಬ ಊರಿನಲ್ಲಿ ಹುಟ್ಟಿದರು. ವಿವಿಯೇ ಎಂಬಲ್ಲಿಯ ಬಿಷಪರ ಅಧೀನದ ಸಭೆಯಲ್ಲಿ 1792ರಲ್ಲಿ ಗುರುಪಟ್ಟವನ್ನು ಹೊಂದಿದರು. ಆ ವರ್ಷವು ಫ್ರಾನ್ಸಿಗೆ ಘೋರವಾದ ವರ್ಷ. ಮಹಾಕ್ರಾಂತಿಯ ಜ್ವಾಲೆಯು ಎಲ್ಲೆಡೆಯೂ ಹಬ್ಬಿ, ಅರಸರು ಸೆರೆಯಾಗಿ, ಪ್ಯಾರಿಸಿನ ಸೆರೆಮನೆಗಳಲ್ಲಿ ಅನೇಕ ಪಾದ್ರಿಗಳು ಕೊಲೆಯಾದರು. ಇಪ್ಪತ್ತಾರು ವಯಸ್ಸಿನ ಈ ತರುಣ ಗುರುಗಳು ಅದೇ ವರ್ಷ ಪ್ಯಾರಿಸಿನ ವಿದೇಶ ಮಿಶನ್ ಸಂಘದ ಪರವಾಗಿ ಹೊರಟು ಪುದುಚೇರಿಗೆ ಬಂದು ಸೇರಿದರು.

ಮೊದಲ ಕೆಲವು ವರ್ಷಗಳನ್ನು ಅವರು ತಮಿಳು ನಾಡಿನ ದಕ್ಷಿಣದ ಜಿಲ್ಲೆಗಳಲ್ಲಿ ಕಳೆದರು. ಅವರ ಜೀವಿತದ ಕ್ರಮವು ನಿಶ್ಚಯವಾದದ್ದು ಅಲ್ಲಿಯೇ. ಐರೋಪ್ಯರ ಉಡುಪನ್ನು ತೆಗೆದಿಟ್ಟರು. ಬಿಳಿಯ ನಿಲುವಂಗಿಯನ್ನೂ ತಲೆಗೆ ರುಮಾಲನ್ನೂ ಧರಿಸಿದರು. ಊಟದಲ್ಲಿಯೂ ನಡೆಯಲ್ಲಿಯೂ ಈ ದೇಶದವರ ಪದ್ಧತಿಯನ್ನೇ ಹಿಡಿದರು. ನೆರೆಯವರಿಗೆ ಹೇಸಿಕೆಯೆನಿಸುವ ಯಾವುದನ್ನೂ ಮಾಡದಂತೆ ಎಚ್ಚರಿಕೆಯಿಂದ ನಡೆದರು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರರು ಬರೆದರೆಂದು ಹೇಳಲ್ಪಡುವ ಅವರ ಪಟವೊಂದುಂಟು; ಅದರಲ್ಲಿಯೂ ಅವರು ಈ ದೇಶದ ಉಡುಪಿನಲ್ಲಿಯೇ ಕಾಣುತ್ತಾರೆ. ವೇಷವನ್ನು ಬದಲಾಯಿಸುವುದು ಅಷ್ಟೇನೂ ಕಷ್ಟವಲ್ಲವೆಂದು ಕೆಲವರು ಎನ್ನಬಹುದು. ಒಂದು ದಿನದ ಮಟ್ಟಿಗೆ ನಿಜ. ಮೂವತ್ತು ವರ್ಷ ಅದನ್ನು ನಡೆಸುವುದು ಬೇರೆ.

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು. ಟಿಪ್ಪು ಸುಲ್ತಾನರು ಯುದ್ಧದಲ್ಲಿ ಮಡಿದರು. ಜೂನ್ ತಿಂಗಳಲ್ಲಿ ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ, ಪೂರ್ಣಯ್ಯನವರು ದಿವಾನರಾಗಿ ರಾಜ್ಯಭಾರವನ್ನು ವಹಿಸಿದರು. ಆಗ ಆ ಪಟ್ಟಣದ ಸುತ್ತುಮುತ್ತಲಲ್ಲಿ ಕ್ರೈಸ್ತರ ಸ್ಥಿತಿಯು ಶೋಚನೀಯವಾಗಿತ್ತು. 1784ರಲ್ಲಿ ಸುಲ್ತಾನರ ಅಪ್ಪಣೆಯಂತೆ ಕರಾವಳಿಯ ಕೆನರಾ ಸೀಮೆಯಿಂದ ಹತ್ತಾರು ಸಾವಿರ ಕ್ರೈಸ್ತರನ್ನು ಹಿಡಿದು ಘಟ್ಟವನ್ನು ಹತ್ತಿಸಿ ಇಲ್ಲಿಗೆ ತಂದಿದ್ದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹು ಜನರು ಸತ್ತರು. ಉಳಿದವರಲ್ಲಿ ಅನೇಕರು ಬಲಾತ್ಕಾರದಿಂದ ಮತವನ್ನು ಬಿಡಬೇಕಾಯಿತು. ಬಿಡುಗಡೆಯಾದ ಮೇಲೆ ಕೆಲವರು ಮಂಗಳೂರಿನ ಕಡೆಗೆ ಹಿಂದಿರುಗಿದರು. ಇಲ್ಲಿಯೇ ನಿಂತವರಿಗೆ ಗುರುಗಳೂ ಇಲ್ಲ, ಗುಡಿಯೂ ಇಲ್ಲ, ಉಳಲು ನೆಲವೂ ಇಲ್ಲ. ಇಂತಹ ಜನರನ್ನು ಕೂಡಿಸಿ ಸಂತೈಸುವುದಕ್ಕಾಗಿ ಕರ್ನಲ್ ಆರ್ಥರ್ ವೆಲೆಸ್ಲಿಯವರ ಸಲಹೆಯ ಮೇರೆಗೆ ಅಬ್ಬೆ ದುಬ್ವಾ ಅವರು ಮೈಸೂರು ಸೀಮೆಗೆ ಬಂದರು. ಈ ವೆಲೆಸ್ಲಿಯವರೇ ಮುಂದೆ ವೆಲಿಂಗ್ಟನ್ ಡ್ಯೂಕರೆನಿಸಿಕೊಂಡು ವಾಟರ್ಲೂ ಯುದ್ಧದಲ್ಲಿ ನೆಪೋಲಿಯನನನ್ನು ಸೋಲಿಸಿದವರು. ಇಂಗ್ಲಿಷರಿಗೂ ಫ್ರೆಂಚರಿಗೂ ಘೋರ ಯುದ್ಧವು ನಡೆಯುತ್ತಿದ್ದ ಕಾಲದಲ್ಲಿ ಇಂಗ್ಲಿಷ್ ಸೇನಾಪತಿಯೊಬ್ಬರು ಫ್ರೆಂಚ್ ಪಾದ್ರಿಯೊಬ್ಬರನ್ನು ನಂಬಿ ಕರೆದರೆಂಬುದು ಸಾಮಾನ್ಯ ಸಂಗತಿಯಲ್ಲ.

ಶ್ರೀರಂಗಪಟ್ಟಣದ ದ್ವೀಪದ ಪೂರ್ವ ಭಾಗದಲ್ಲಿರುವ ಗಂಜಾಮಿನಲ್ಲಿ ಒಂದು ದೇವಾಲಯವನ್ನು ಏರ್ಪಡಿಸಿಕೊಂಡು ಅವರು ಸೀಮೆಯಲ್ಲೆಲ್ಲಾ ಸಂಚರಿಸತೊಡಗಿದರು. ಚದರಿದ್ದ ಸಭೆಯವರಲ್ಲಿ ಬಹುಪಾಲು ಜನರು ಪುನಃ ಕೂಡಿದರು. ಕೂಡಿದವರಿಗೆ ಉಪದೇಶಕ್ಕಿಂತ ಮೊದಲು ಅನ್ನ ಬೇಕಾಗಿತ್ತು. ಇದನ್ನು ಮನಗಂಡು ಅಬ್ಬೆಯವರು ನೆಲವಿಲ್ಲದವರಿಗಾಗಿ ಬೇಸಾಯದ ವಸತಿಗಳನ್ನು ಏರ್ಪಡಿಸಿದರು. ಹಾಸನದ ಸಮೀಪದ ಸಾತಳ್ಳಿಯು ಅವುಗಳಲ್ಲಿ ಮುಖ್ಯವಾದದ್ದು.

ಇನ್ನು ಅವರ ಜೀವಿತದಲ್ಲಿ ನಮ್ಮ ಮನಸ್ಸನ್ನು ಅತ್ಯಂತವಾಗಿ ಸೆಳೆದ ಕಾರ್ಯವನ್ನು ಹೇಳಬೇಕು.

ಸಿಡುಬು ಎಂಬ ರೋಗವು ಎಷ್ಟು ಭಯಂಕರವಾಗಿತ್ತೆಂಬುದನ್ನು ಈಗಿನ ಹುಡುಗಿಯರು ಊಹಿಸಲಾರರು. ಅದು ತಗುಲಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಬದುಕಿದವರ ಮುಖವೆಲ್ಲಾ ಕಲೆಯಾಗುತ್ತಿತ್ತು. ಅನೇಕರ ಕಣ್ಣು ಹೋಗುತ್ತಿತ್ತು. ಊರಿಗೆ ಅಮ್ಮ ಬಂದಳೆಂದು ಹೇಳಿ ಬಾಗಿಲಿಗೆ ಬೇವಿನ ಸೊಪ್ಪನ್ನು ಕಟ್ಟುವುದಲ್ಲದೆ ಬೇರೊಂದು ಉಪಾಯವು ಹಳ್ಳಿಯವರಿಗೆ ತಿಳಿದಿರಲಿಲ್ಲ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು 1796ರಲ್ಲಿ, ಹಾಲು ಕರೆಯುವ ಹೆಣ್ಣುಮಗಳೊಬ್ಬಳ ಕೈಯ ಮೇಲೆ ಎದ್ದಿದ್ದ ಹಸುವಿನ ಮೈಲಿಯ ಗುಳ್ಳೆಯಿಂದ ರಸವನ್ನು ತೆಗೆದು ಎಂಟು ವರ್ಷದ ಹುಡುಗನೊಬ್ಬನ ತೋಳಿಗೆ ಹಾಕಿ, ಹಾಗೆ ಹಾಕಿಸಿಕೊಂಡವರಿಗೆ ಸಿಡುಬು ತಗುಲದೆಂದು ತೋರಿಸಿಕೊಟ್ಟರು. ಆ ರಸವು ತೋಳಿನಿಂದ ತೋಳಿಗೆ ದಾಟುತ್ತಾ ಬಾಗ್ದಾದ್ ಬಸ್ರಾಗಳ ಮಾರ್ಗವಾಗಿ 1802ರ ಜೂನ್ ತಿಂಗಳಲ್ಲಿ ಮುಂಬಯಿಗೆ ಬಂದಿತು. ಈ ದೇಶದಲ್ಲಿ ಮೊದಲು ದೇವಿ ಹಾಕಿಸಿಕೊಂಡವಳು ಆನ್ನಾ ದಸ್ತಾಲ್ ಎಂಬ ಮೂರು ವರ್ಷದ ಹೆಣ್ಣು ಕೂಸು. ಆಕೆಯ ತೋಳಿನಿಂದಲೇ ಮುಂದೆ ದೇಶದೊಳಕ್ಕೆ ಆ ರಸವು ಹರಡಿತು.

ತೋಳಿನಿಂದ ತೋಳಿಗೆ ಎಂದು ಹೇಳಿದೆವಷ್ಟೆ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳದಿದ್ದರೆ ಕೆಲಸದ ಕಷ್ಟವು ತಿಳಿಯದು. ಆಗ ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ, ಔಷಧದ ಸೀಸೆಯಿಲ್ಲ. ನಮ್ಮ ಬಿಸಿಲಿನಲ್ಲಿ ಒಣಗಿದ ರಸವು ಬೇಗನೆ ಶಕ್ತಿಗುಂದುತ್ತಿತ್ತು. ಆದಕಾರಣ ಒಂದು ಮಗುವಿನ ತೋಳಿಗೆ ಸಣ್ಣ ಗೀರೊಂದನ್ನು ಎಳೆದು ರಸವನ್ನು ಹಾಕುವುದು. ಏಳೆಂಟು ದಿನಗಳ ಮೇಲೆ ಅಲ್ಲಿ ಗುಳ್ಳೆಯೆದ್ದಾಗ ಅದೇ ಮಗುವನ್ನು ಮತ್ತೆ ಕರೆತರಿಸಿ, ಆ ಗುಳ್ಳೆಯ ರಸದಿಂದ ಬೇರೆ ಮಕ್ಕಳಿಗೆ ಹಾಕುವುದು. ಅವರನ್ನು ಪುನಃ ಎಂಟು ದಿನಗಳ ಮೇಲೆ ಕರೆಯುವುದು. ನಡುವೆ ಒಂದು ಸಲ ತಾಯಂದಿರು ಬಾರದೆ ಹೋದರೆ ಸರಪಣಿಯು ಕಡಿದುಹೋಗುತ್ತಿತ್ತು. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ರಸವು ಹೋಗಬೇಕಾದರೆ ತೋಳಿನಲ್ಲಿ ಗುಳ್ಳೆಯಿದ್ದ ಮಗುವೇ ಹೋಗಬೇಕು. ಒಂದು ಜಾತಿಯ ಮಗುವಿನ ಮೈಯ ರಸವನ್ನು ಇನ್ನೊಂದು ಜಾತಿಯ ಮಗುವಿನ ಮೈಗೆ ಹಾಕುವುದನ್ನು ಜನರು ಸುಲಭವಾಗಿ ಒಪ್ಪುವರೇ? ಅಮ್ಮನವರಿಗೆ ಕೋಪ ಬರುವುದೆಂಬ ಭಯ ಬೇರೆ. ಪರದೇಶದವರು ಮಕ್ಕಳ ಮೈಗೆ ಏನನ್ನೋ ಸೇರಿಸಿ ಗುರುತು ಹಾಕುತ್ತಾರೆಂಬ ಸಂದೇಹವು ಆ ಕಾಲದಲ್ಲಿ ಎಲ್ಲ ಕಡೆಯೂ ಇತ್ತು.

ಇಂತಹ ಕೆಲಸವನ್ನು ಅಬ್ಬೆ ದುಬ್ವಾ ಅವರು ಮೈಸೂರು ಸೀಮೆಯಲ್ಲಿ ವಹಿಸಿಕೊಂಡರು. 1803–04ರ ಅವಧಿಯಲ್ಲಿ ಅವರ ಪ್ರಯತ್ನದಿಂದ ದೇವಿ ಹಾಕಿಸಿಕೊಂಡು ಪಟ್ಟಿಯಲ್ಲಿ ದಾಖಲೆಯಾದವರ ಸಂಖ್ಯೆಯು 25,432. ಪೂರ್ಣ ಎರಡು ವರ್ಷಗಳೆಂದೇ ಹಿಡಿದು ಹಂಚಿದರೂ ದಿನವೊಂದಕ್ಕೆ ಸುಮಾರು 35 ತೋಳುಗಳಾದುವು. ಆದಿತ್ಯವಾರವನ್ನೂ ಮಳೆಗಾಲವನ್ನೂ ಬಿಡದೆ ಲೆಕ್ಕ ಹಾಕಿದರೆ ಮಾತ್ರ ಇಷ್ಟು ಕಡಮೆ ಬರುತ್ತದೆ. ಗಣಿತದ ಉಪಾಧ್ಯಾಯಿನಿಯಾಗಿಯೂ ಕೆಲವು ಕಾಲ ಪಾಠ ಹೇಳಿದ ನಮಗೆ ಈ ಅಂಕಿಯ ಮೊದಲಲ್ಲಿರುವ ಇಪ್ಪತ್ತೈದು ಸಾವಿರಕ್ಕಿಂತಲೂ ಆಮೇಲಿನ ಮೂವತ್ತೆರಡು ಹೆಚ್ಚು ಹಿಡಿಸುತ್ತದೆ. ಸುಮಾರು ಎಂದು ಬರೆದು ಮುಗಿಸದೆ ಒಬ್ಬೊಬ್ಬರನ್ನಾಗಿ ಎಣಿಸಿದವರ ಲೆಕ್ಕವಿದು.

ತಾಯಂದಿರು ಏಕೆ ಮಕ್ಕಳನ್ನು ತಂದರು? ಇದಕ್ಕೆ ನಮಗೆ ತೋರುವ ಉತ್ತರವು ಹೀಗಿದೆ. ದೇವಿ ಹಾಕುವ ಸೂಜಿಯನ್ನು ಹಿಡಿಯುವುದಕ್ಕೆ ಹತ್ತು ವರ್ಷ ಮೊದಲೇ ಆ ಪಾದ್ರಿಗಳು ಹಳ್ಳಿಯವರ ಊಟವನ್ನು ಉಂಡಿದ್ದರು, ಅವರ ಆಚಾರವನ್ನು ಗೌರವಿಸಿದ್ದರು, ಅವರ ಭಾಷೆಯಲ್ಲಿ ಅವರ ಸುಖದುಃಖವನ್ನು ವಿಚಾರಿಸಿದ್ದರು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇಂತಹ ಅಲ್ಪವಾದ ಮರ್ಯಾದೆಗಳು ಕೂಡಿಕೊಂಡು ನಂಬಿಕೆಯಾದವು. ಕಂಪೆನಿಯ ಅಧಿಕಾರಿಯು ಬಂದು ಅಪ್ಪಣೆಮಾಡಿದ್ದರೆ ಬಾಗಿಲನ್ನು ಮುಚ್ಚಿಕೊಳ್ಳುತ್ತಿದ್ದ ತಾಯಿಯು ದೊಡ್ಡ ಸ್ವಾಮಿಯವರ ಮುಂದೆ ಕೂಸಿನ ತೋಳನ್ನು ಚಾಚಿದಳು.

ಹಳ್ಳಿಯ ತಾಯಂದಿರು ಮಾತ್ರವಲ್ಲ, ಮೈಸೂರಿನ ಅರಮನೆಯವರೂ ಈ ಕಾರ್ಯಕ್ಕೆ ಬೆಂಬಲವಾಗಿ ನಿಂತರು. ಮೇಲೆ ಹೇಳಿದ ಹಿಕ್ಕಿಯವರೇ 1805ರಲ್ಲಿ ಬರೆದ ಚಿತ್ರವೊಂದರಲ್ಲಿ ಮೂವರು ರಾಣಿಯರು ನಿಂತಿದ್ದಾರೆ. ಅವರಲ್ಲಿ ಒಬ್ಬರು ಸೆರಗನ್ನು ಸ್ವಲ್ಪ ಸರಿಸಿ ಎಡತೋಳನ್ನು ತೋರಿಸುವಂತಿದೆ. ಬಹುಕಾಲ ಅವರನ್ನು ನರ್ತಕಿಯರೆಂದು ತಪ್ಪಾಗಿ ತಿಳಿದಿದ್ದರು. ಆಕೆಯು ಮುಮ್ಮಡಿ ಕೃಷ್ಣರಾಜರ ಕಿರಿಯ ರಾಣಿ ದೇವಾಜಮ್ಮಣ್ಣಿಯವರೆಂದೂ, ದೇವಿ ಹಾಕಿಸಿಕೊಂಡ ತೋಳನ್ನು ಪ್ರಜೆಗಳಿಗೆ ಕಾಣಿಸುವುದಕ್ಕಾಗಿಯೇ ಹಾಗೆ ನಿಂತಿದ್ದಾರೆಂದೂ ಇತ್ತೀಚೆಗೆ ಕೇಂಬ್ರಿಜ್‌ನ ಇತಿಹಾಸಜ್ಞರೊಬ್ಬರು ಅಭಿಪ್ರಾಯಪಟ್ಟಿದ್ದಾರೆ. ಆಗ ಆಕೆಗೆ ಸುಮಾರು ಹನ್ನೆರಡು ವರ್ಷ. ನಮ್ಮ ಏಳನೆಯ ತರಗತಿಯ ಹುಡುಗಿಯರ ವಯಸ್ಸು.

1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅರುವತ್ತು ದಾಟಿದವರ ತೋಳಿನ ಮೇಲೆ ದೇವಿ ಹಾಕಿದ ಗುಂಡು ಗುರುತು ಈಗಲೂ ಇದೆ. ಆ ಹಿರಿಯರು ಮೊಮ್ಮಕ್ಕಳಿಗೆ ಅದನ್ನು ತೋರಿಸಬೇಕೆಂದು ನಮ್ಮ ಬಿನ್ನಹ.

ನಮ್ಮ ಶಾಲೆಯ ಹುಡುಗಿಯರು ಕ್ರಿಸ್‌ಮಸ್ ರಜೆಗೆ ಮುಂಚೆ ವೀರನಹೊಸಹಳ್ಳಿಯ ಕಡೆಗೆ ಹೋಗಿ, ನಾಗರಹೊಳೆಯ ಕಾಡಿನ ಅಂಚಿನಲ್ಲಿರುವ ಹಾಡಿಗಳಲ್ಲಿ ಒಂದು ದಿನವನ್ನು ಕಳೆದು ಬರುವ ಪದ್ಧತಿಯು ಪೋಷಕರಿಗೆ ತಿಳಿದೇ ಇದೆ. ಅಬ್ಬೆಯವರ ಚರಿತ್ರೆಯನ್ನು ಓದಿದ ಮೇಲೆ ಆ ದಿನದ ಕಾರ್ಯಕ್ರಮದಲ್ಲಿ ನಾವು ಒಂದೆರಡು ಬದಲಾವಣೆಗಳನ್ನು ಮಾಡಿದೆವು. ಹಿಂದೆ ಕಂಬಳಿಗಳನ್ನೂ ಮಿಠಾಯಿಯ ಪೊಟ್ಟಣಗಳನ್ನೂ ಸಾಲಾಗಿ ನಿಂತು ಹಂಚಿ, ಹಾಡು ಹಾಡಿ, ಪಟ ತೆಗೆಸಿಕೊಂಡು ಸಂಜೆಗೆ ಹಿಂದಿರುಗುತ್ತಿದ್ದರು. ಈಗ ಪಟ ತೆಗೆಯುವುದಿಲ್ಲ. ಹುಡುಗಿಯರು ಇಬ್ಬಿಬ್ಬರಾಗಿ ಒಂದೊಂದು ಮನೆಗೆ ಹೋಗುತ್ತಾರೆ. ಚಾಪೆ ಹಾಕಿದರೆ ಚಾಪೆಯ ಮೇಲೆ, ಇಲ್ಲದಿದ್ದರೆ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಮನೆಯವರು ಕೊಟ್ಟದ್ದನ್ನು ತಿನ್ನಬೇಕೆಂಬುದು ಕಟ್ಟುನಿಟ್ಟಾದ ನಿಯಮ. ಕಣ್ಣು ಮಂಜಾದ ಅಜ್ಜಿಗೆ ಬಂದ ಕಾಗದವನ್ನು ಓದಿ ಹೇಳುವುದು, ವೃದ್ಧಾಪ್ಯ ವೇತನದ ಅರ್ಜಿಯನ್ನು ತುಂಬಿಕೊಡುವುದು, ಚಿಕ್ಕ ಮಕ್ಕಳ ತಲೆಯನ್ನು ಬಾಚುವುದು, ಉಗುರು ಕತ್ತರಿಸುವುದು, ಚುಚ್ಚುಮದ್ದು ಹಾಕಿಸುವ ದಿನವನ್ನು ತಾಯಂದಿರಿಗೆ ನೆನಪು ಮಾಡುವುದು ಇವೇ ಕೆಲಸಗಳು. ಕಂಬಳಿಗಳನ್ನು ಈಗಲೂ ಕೊಡುತ್ತೇವೆ; ಆದರೆ ಹೊರಡುವಾಗ, ಮಾತಿಲ್ಲದೆ. ಮೊದಲನೆಯ ವರ್ಷ ಕೆಲವು ಹುಡುಗಿಯರಿಗೆ ಇದು ರುಚಿಸಲಿಲ್ಲ. ಹಾಡಿಯ ಮನೆಯೊಂದರಲ್ಲಿ ಕೊಟ್ಟ ಕಾಡುಗೆಣಸನ್ನು ತಿಂದು ಬಂದ ಹತ್ತನೆಯ ತರಗತಿಯ ಹುಡುಗಿಯರಿಬ್ಬರು ಈಗ ರಜೆಯಲ್ಲಿಯೂ ಆ ಮನೆಗೆ ಹೋಗುತ್ತಾರೆಂದು ಕೇಳಿದ್ದೇವೆ.

ಈ ಕಾಡಿನ ಜನರ ವಿಷಯವನ್ನು ಅಬ್ಬೆಯವರೂ ಬರೆದಿದ್ದಾರೆ. ಕಾಡುಕುರುಬರು, ಸೋಲಿಗರು ಮುಂತಾದವರ ಬದುಕಿನ ವರ್ಣನೆಯು ಅವರ ಪ್ರಸಿದ್ಧ ಗ್ರಂಥದಲ್ಲಿದೆ. ಹಿಂದೂಗಳ ಆಚಾರವ್ಯವಹಾರಗಳನ್ನು ವಿವರಿಸುವ ಆ ಗ್ರಂಥದ ಫ್ರೆಂಚ್ ಹಸ್ತಪ್ರತಿಯು ಮೈಸೂರಿನ ರೆಸಿಡೆಂಟರಾಗಿದ್ದ ಮೇಜರ್ ವಿಲ್ಕ್ಸ್ ಅವರ ಮುಖಾಂತರ ಮದರಾಸಿನ ಸರ್ಕಾರಕ್ಕೆ ಹೋಯಿತು. ಗವರ್ನರಾಗಿದ್ದ ಲಾರ್ಡ್ ವಿಲಿಯಂ ಬೆಂಟಿಂಕರು ಅದನ್ನು ಮೆಚ್ಚಿ, 1807ರಲ್ಲಿ ಕಂಪೆನಿಯ ಪರವಾಗಿ 2,000 ನಕ್ಷತ್ರ ವರಹಗಳಿಗೆ ಕೊಂಡುಕೊಂಡರು. ಇಂಗ್ಲಿಷ್ ಭಾಷಾಂತರವು 1816ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅಬ್ಬೆಯವರು ತಿದ್ದಿ ವಿಸ್ತರಿಸಿದ ಫ್ರೆಂಚ್ ಪ್ರತಿಯು 1825ರಲ್ಲಿ ಅಚ್ಚಾಯಿತು.

ಅವರ ಕೀರ್ತಿಯೆಲ್ಲಾ ಈ ಗ್ರಂಥದಿಂದ ಬಂದದ್ದು. ಆದರೂ ಅದರ ವಿಷಯದಲ್ಲಿ ಎರಡು ಮಾತುಗಳನ್ನು ನಿಷ್ಪಕ್ಷಪಾತವಾಗಿ ಹೇಳಬೇಕಾಗಿದೆ. ಮೊದಲನೆಯದು, ಅದರಲ್ಲಿ ಹೆಚ್ಚಿನ ಭಾಗವು ಅವರ ಸ್ವಂತವಲ್ಲ. ಪುದುಚೇರಿಯಲ್ಲಿದ್ದ ಕರ್ದೂ ಎಂಬ ಜೆಸುಯಿಟ್ ಗುರುಗಳ ಬರಹವನ್ನು ಅವರು ಹೆಸರು ಹೇಳದೆ ಬಳಸಿಕೊಂಡರೆಂದು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿಯವರು 1987ರಲ್ಲಿ ಪ್ರಮಾಣಪೂರ್ವಕವಾಗಿ ತೋರಿಸಿದ್ದಾರೆ. ಬೇರೆಯವರ ಪ್ರಬಂಧವನ್ನು ನಕಲು ಮಾಡಿದ ವಿದ್ಯಾರ್ಥಿನಿಗೆ ನಾವು ಶೂನ್ಯ ಅಂಕವನ್ನು ಕೊಡುತ್ತೇವಾದುದರಿಂದ ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಎರಡನೆಯದು, ಆ ಗ್ರಂಥದಲ್ಲಿ ನಮ್ಮ ದೇಶದವರ ಮೇಲೆ ಕಠಿಣವಾದ, ಅನೇಕ ಕಡೆ ಅನ್ಯಾಯವಾದ ಮಾತುಗಳಿವೆ. ಯಾರ ಕೂಸುಗಳ ತೋಳನ್ನು ಅಷ್ಟು ತಾಳ್ಮೆಯಿಂದ ಹಿಡಿದರೋ ಅವರ ನಂಬಿಕೆಯನ್ನೇ ಲೇಖನಿಯಿಂದ ಹಳಿದರು. ಮನುಷ್ಯರ ಕೈಯೂ ಲೇಖನಿಯೂ ಯಾವಾಗಲೂ ಒಂದೇ ಮಾತನ್ನು ಆಡುವುದಿಲ್ಲ.

ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಆ ಗ್ರಂಥದ ಒಂದು ಸಂಗತಿಯು ವಿಶೇಷವಾಗಿ ನೆನಪಿನಲ್ಲಿ ಉಳಿದಿದೆ. ಆಗಿನ ಕಾಲದಲ್ಲಿ ಓದುಬರಹವನ್ನೂ ಸಂಗೀತವನ್ನೂ ಕಲಿಯುತ್ತಿದ್ದ ಹೆಂಗಸರೆಂದರೆ ದೇವಾಲಯದ ನರ್ತಕಿಯರು ಮಾತ್ರ. ಮರ್ಯಾದಸ್ಥ ಮನೆಯ ಹೆಣ್ಣುಮಗಳಿಗೆ ಅಕ್ಷರ ಬರುತ್ತದೆಂದರೆ ಅವಳು ನಾಚಿಕೊಳ್ಳಬೇಕಾಗಿತ್ತೆಂದು ಅಬ್ಬೆಯವರು ತಿಳಿಸಿದ್ದಾರೆ. ಆ ಮಾತು ಸೀಮೆಯ ಎಲ್ಲ ಮನೆಗಳಿಗೂ ಸಲ್ಲುವುದೆಂದು ನಾವು ಒಪ್ಪಲಾರೆವು. ಹದಿನೇಳನೆಯ ಶತಮಾನದಲ್ಲಿಯೇ ಮೈಸೂರಿನ ಅರಮನೆಯಲ್ಲಿ ಸಂಚಿಯ ಹೊನ್ನಮ್ಮನವರು ಕಾವ್ಯವನ್ನು ಬರೆದಿದ್ದರಲ್ಲವೇ? ಆದರೂ ಸಾಮಾನ್ಯರ ಮನೆಗಳ ಸ್ಥಿತಿಯು ಅವರು ಹೇಳಿದಂತೆಯೇ ಇದ್ದಿರಬೇಕು.

ಈಗ ಅವರ ವ್ಯಥೆಯ ವಿಷಯಕ್ಕೆ ಬರುತ್ತೇವೆ. ಮೈಸೂರಿನ ಸೇವೆಯ ಕೊನೆಯ ವರ್ಷಗಳಲ್ಲಿ ಅಬ್ಬೆಯವರು ಈ ದೇಶದಲ್ಲಿ ಕ್ರೈಸ್ತ ಮತದ ಸ್ಥಿತಿಯನ್ನು ಕುರಿತು ಕೆಲವು ಪತ್ರಗಳನ್ನು ಬರೆದರು. ಅವು 1823ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಟವು. ಇಪ್ಪತ್ತೈದು ವರ್ಷ ದುಡಿದರೂ ತಮ್ಮಿಂದ ಹೊಸದಾಗಿ ಸಭೆಗೆ ಸೇರಿದವರು ಇನ್ನೂರು ಮುನ್ನೂರಕ್ಕೆ ಮೀರಲಿಲ್ಲವೆಂದೂ, ಅವರಲ್ಲಿಯೂ ಹೆಚ್ಚಿನವರು ಗತಿಯಿಲ್ಲದೆ ಬಂದವರೆಂದೂ ಅಲ್ಲಿ ನಿರ್ವಂಚನೆಯಿಂದ ಒಪ್ಪಿಕೊಂಡರು. ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸವೆಂಬುದೇ ಅವರ ತೀರ್ಮಾನವಾಗಿತ್ತು. ಹಳೆಯ ಕ್ರೈಸ್ತರ ಹಬ್ಬಗಳ ವಿಷಯದಲ್ಲಿಯೂ ಅವರಿಗೆ ಸಮಾಧಾನವಿರಲಿಲ್ಲ. ರಾತ್ರಿಯ ವೇಳೆ ನೂರಾರು ತಮಟೆ ಕಹಳೆಗಳೊಡನೆ, ಬಾಣಬಿರುಸುಗಳೊಡನೆ ಹೊರಡುವ ಮೆರವಣಿಗೆಗಳು ತಮ್ಮನ್ನು ಯಾವಾಗಲೂ ನಾಚಿಸಿದವೆಂದು ಅವರು ಬರೆದಿದ್ದಾರೆ. ನಮ್ಮ ಊರುಗಳಲ್ಲಿ ಈಗ ಕ್ರಿಸ್‌ಮಸ್ ರಾತ್ರಿ ಧ್ವನಿವರ್ಧಕವನ್ನು ಹಾಕುವವರು ಇದನ್ನು ಸ್ವಲ್ಪ ಆಲೋಚಿಸಬಹುದು.

ಆ ಪುಸ್ತಕವು ಮಿಶನರಿಗಳ ಮಧ್ಯೆ ದೊಡ್ಡ ವಾದವನ್ನೆಬ್ಬಿಸಿತು. ನಮ್ಮ ಪ್ರಾಟೆಸ್ಟಂಟ್ ಪಕ್ಷದ ಜೇಮ್ಸ್ ಹಫ್ ಎಂಬ ಪಾದ್ರಿಗಳು ಮರುವರ್ಷವೇ ಅದಕ್ಕೆ ಉತ್ತರವಾಗಿ ಗ್ರಂಥವನ್ನು ಬರೆದರು. ಆ ವಾದದಲ್ಲಿ ಯಾರು ಗೆದ್ದರೆಂದು ವಿಚಾರಿಸುವುದು ಈಗ ಬೇಡ. ನಮಗೆ ಆಶ್ಚರ್ಯವನ್ನುಂಟುಮಾಡುವ ಸಂಗತಿಯೇ ಬೇರೆ. ತಮ್ಮ ಜೀವಿತದ ಲೆಕ್ಕವನ್ನು ಒಪ್ಪಿಸುವಾಗ ಅಬ್ಬೆಯವರು ಮುಂದಿಟ್ಟದ್ದು ಆ ಇನ್ನೂರು ಮುನ್ನೂರನ್ನು. ಅವರ ವ್ಯಥೆಯು ಅಳೆದದ್ದು ಆ ಸಂಖ್ಯೆಯಿಂದ. 25,432ನ್ನು ಆ ತಕ್ಕಡಿಗೆ ಅವರು ಹಾಕಲಿಲ್ಲ. ಸಿಡುಬಿನ ಸಾವಿನ ಲೆಕ್ಕವನ್ನು ಮೇಲೆ ಹೇಳಿದ್ದೇವೆ. ಆ ಇಪ್ಪತ್ತೈದು ಸಾವಿರದಲ್ಲಿ ಎಷ್ಟು ಮಕ್ಕಳು ದೊಡ್ಡವರಾಗಿ, ಮದುವೆಯಾಗಿ, ತಾವೂ ಮಕ್ಕಳನ್ನು ಎತ್ತಿ ಆಡಿಸಿದರೋ ಬಲ್ಲವರಾರು? ಈ ಸಂಚಿಕೆಯನ್ನು ಓದುತ್ತಿರುವ ಮನೆಗಳಲ್ಲಿ ಕೆಲವು ಆ ಸಂತತಿಯವೇ ಆಗಿದ್ದರೂ ಆಗಿರಬಹುದು.

ಆ ಪತ್ರಗಳ ಪುಸ್ತಕದ ಕೊನೆಯಲ್ಲಿಯೇ ಇನ್ನೊಂದು ಭಾಗವುಂಟು. ಅದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಪಾದ್ರಿಯೊಬ್ಬರು ಹಿಂದೂ ಗಂಡಸರನ್ನೂ ಹೆಂಗಸರನ್ನೂ ಕಟುವಾಗಿ ನಿಂದಿಸಿ ಬರೆದಿದ್ದರು. ಅದಕ್ಕೆ ಪ್ರತಿಯಾಗಿ ಅಬ್ಬೆಯವರು ಈ ದೇಶದ ಸ್ತ್ರೀಪುರುಷರ ಪರವಾಗಿ ವಕಾಲತ್ತು ಹಿಡಿದರು. ಹಿಂದೆ ತಾವೇ ಕಠಿಣವಾಗಿ ಬರೆದವರು ಈಗ ಇತರರ ಕಾಠಿಣ್ಯವನ್ನು ಸಹಿಸಲಿಲ್ಲ. ಮೂವತ್ತು ವರ್ಷ ಅವರ ಮನೆಯ ಬಾಗಿಲಲ್ಲಿ ನಿಂತವರಿಗೆ ಅದು ಸಾಧ್ಯವಾಗಲಿಲ್ಲವೆಂದೇ ನಾವು ತಿಳಿಯುತ್ತೇವೆ.

1822ನೆಯ ಇಸವಿಯ ಕ್ರಿಸ್ತಜಯಂತಿಯು ಈ ದೇಶದಲ್ಲಿ ಅವರಿಗೆ ಕಡೆಯದಾಯಿತು. 1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟು ಹೊರಟರು. ಕಂಪೆನಿಯವರು ವಿಶೇಷವಾದ ವಿಶ್ರಾಂತಿ ವೇತನವನ್ನು ಗೊತ್ತುಮಾಡಿದರು. ಪ್ಯಾರಿಸಿನಲ್ಲಿ ತಮ್ಮನ್ನು ಕಳುಹಿಸಿದ್ದ ವಿದೇಶ ಮಿಶನ್ ಸಂಘದ ಮಠದಲ್ಲಿಯೇ ನೆಲಸಿ, ಅಲ್ಲಿಯ ನಿರ್ದೇಶಕರಾಗಿ, 1836ರಿಂದ 1839ರ ವರೆಗೆ ಮುಖ್ಯಸ್ಥರಾಗಿ ಕೆಲಸಮಾಡಿದರು. ಊರಿಗೆ ಹೋದರೂ ನಮ್ಮ ಭಾಷೆಗಳನ್ನು ಬಿಡಲಿಲ್ಲ. ತಮಿಳು, ತೆಲುಗು, ಕನ್ನಡಗಳಲ್ಲಿದ್ದ ಮೂರು ಪ್ರತಿಗಳನ್ನು ಮುಂದಿಟ್ಟುಕೊಂಡು ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಿರುಗಿಸಿ 1826ರಲ್ಲಿ ಅಚ್ಚುಹಾಕಿಸಿದರು. ಪೆದ್ದ ಶಿಷ್ಯರೊಡನೆ ಪರದಾಡುವ ಪರಮಾರ್ಥ ಗುರುವಿನ ನಗೆಗಥೆಯೂ ಅದರೊಡನೆ ಇದೆ. ವ್ಯಥೆಪಟ್ಟ ಮನಸ್ಸು ನಗುವುದನ್ನು ಮರೆತಿರಲಿಲ್ಲ. 1848ರ ಫೆಬ್ರವರಿ 17ರಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಪ್ಯಾರಿಸಿನಲ್ಲಿ ಕಾಲವಾದರು. ಐದು ದಿನಗಳ ಮೇಲೆ ಆ ಪಟ್ಟಣದ ಬೀದಿಗಳಲ್ಲಿ ಮತ್ತೊಂದು ಕ್ರಾಂತಿಯು ಎದ್ದಿತು. ಒಂದು ಕ್ರಾಂತಿಯ ವರ್ಷದಲ್ಲಿ ದೇಶವನ್ನು ಬಿಟ್ಟವರು ಇನ್ನೊಂದನ್ನು ನೋಡದೆ ಕಣ್ಣು ಮುಚ್ಚಿದರು.

ಗಂಜಾಮಿನ ದೇವಾಲಯವು ಈಗಲೂ ಅಬ್ಬೆ ದುಬ್ವಾ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಹುಣಸೂರಿನಿಂದ ಮೈಸೂರಿನ ಮಾರ್ಗವಾಗಿ ಹೋದರೆ ಸುಮಾರು 60 ಕಿಲೋಮೀಟರು ದೂರ. ಈ ಸಲದ ರಜೆಗೆ ಮುಂಚೆ, ವೀರನಹೊಸಹಳ್ಳಿಯ ಭೇಟಿಯು ಮುಗಿದ ಮಾರನೆಯ ದಿನ, ಒಂಬತ್ತನೆಯ ತರಗತಿಯ ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಏರ್ಪಾಡು ಮಾಡಿದ್ದೇವೆ. ಬಸ್ಸಿನಲ್ಲಿ ಇನ್ನೂ ಎಂಟು ಹತ್ತು ಜನರಿಗೆ ಸ್ಥಳವಿದೆ. ಜೊತೆಯಲ್ಲಿ ಬರಲು ಇಚ್ಛಿಸುವ ಹಳೆಯ ವಿದ್ಯಾರ್ಥಿನಿಯರು ಮುಂಚಿತವಾಗಿ ತಿಳಿಸಿದರೆ ಸಂತೋಷಪಡುತ್ತೇವೆ; ಬುತ್ತಿಯನ್ನು ಅವರವರೇ ತರತಕ್ಕದ್ದು.